ಹೇಳಿದ ಫ್ರೀಕ್ವೆನ್ಸಿ ಕೊಡುವ ಆಸಿಲೇಟರ್: ಯಾವುದನ್ನು ಕೊಳ್ಳಬೇಕು?

ಹೋದ ಬೇಸಿಗೆಯಲ್ಲಿ ಗದಗಿನಿಂದ ಅಕ್ಕನ ಮಗ ಫೋನು ಮಾಡಿದ. ಎಂಜಿನಿಯರಿಂಗ್ ಕೊನೆಯ ವರ್ಷ. ಪ್ರಾಜೆಕ್ಟಿಗೆ 40 ಮೀಟರ್ ಹ್ಯಾಮ್ ಬ್ಯಾಂಡಿನ, ಅಂದರೆ 7 ಮೆಗಾಹರ್ಟ್ಸಿನ ಸುತ್ತ ಹವ್ಯಾಸಿ ರೇಡಿಯೊದವರು ಮಾತಾಡುವ ಪಟ್ಟಿಯ, ರಿಸೀವರ್ ಕಟ್ಟುವ ಹುಕಿ. ಅದಕ್ಕೆ ಹೇಳಿದ ಫ್ರೀಕ್ವೆನ್ಸಿಯ ಅಲೆ ಕೊಡುವ ಆಸಿಲೇಟರ್ ಚಿಪ್ ಹುಡುಕುತ್ತಿದ್ದ.

"ಮಾಮಾ, ಮೂರು ಚಿಪ್ ನೋಡೇನಿ. ಒಂದು 1400 ಮೆಗಾಹರ್ಟ್ಸ್ ತನಕಾ ಹೋಗ್ತೈತಿ, ಒಂದು 200, ಇನ್ನೊಂದು ಬರೇ 40. ದೊಡ್ಡದ ತಗೊಳ್ಳಲೇನು?"

"ನಿನಗ ಬೇಕಾಗಿದ್ದೆಷ್ಟು?"

"7."

"ಹಂಗಾರ 1400 ತಗೊಂಡು ಏನ ಮಾಡಾಂವ?"

ಅವತ್ತು ಹುಬ್ಬಳ್ಳಿ ವಿದ್ಯಾನಗರದಲ್ಲಿ ಮಧ್ಯಾಹ್ನದ ಕರೆಂಟು ಹೋಗಿತ್ತು, ನನಗೂ ಬೇರೆ ಕೆಲಸವಿರಲಿಲ್ಲ. ಒಂದು ತಾಸು ಮಾತಾಡಿದೆವು. ಆಗ ಹೇಳಿದ್ದನ್ನೂ, ಫೋನಿನಲ್ಲಿ ಲೆಕ್ಕ ಹೇಳಲಾಗದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೊಳ್ಳುವವರು ಡೇಟಾಶೀಟಿನ ಮೊದಲ ಸಾಲಿನಲ್ಲಿರುವ ಗರಿಷ್ಠ ಫ್ರೀಕ್ವೆನ್ಸಿ ನೋಡುತ್ತಾರೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಕೆಲಸ ಯಾವ ತಪ್ಪನ್ನು ತಡೆದುಕೊಳ್ಳುತ್ತದೆ? ತಪ್ಪಿಲ್ಲದ ಚಿಪ್ ಇಲ್ಲ. ಒಂದು ಸದಾ ಇನ್ನೂರು ಹರ್ಟ್ಸ್ ಆಚೀಚೆ ನಿಲ್ಲುತ್ತದೆ, ಆದರೆ ಅಲ್ಲಾಡುವುದಿಲ್ಲ. ಒಂದರ ಸರಾಸರಿ ಸರಿ, ಅಲೆಯ ಪ್ರತಿ ಅಂಚೂ ನಡುಗುತ್ತದೆ. ಇನ್ನೊಂದು ಬೇಕಾದ ಸ್ವರದ ಪಕ್ಕದಲ್ಲಿ ಬೇಡದ ನಾಲ್ಕು ಸ್ವರ ಹಾಡುತ್ತದೆ. ಮತ್ತೊಂದು ಫ್ರೀಕ್ವೆನ್ಸಿ ಬದಲಿಸುವಾಗ ಒಂದು ಕ್ಷಣ ಬಾಯಿ ಮುಚ್ಚುತ್ತದೆ. ಗಡಿಯಾರಕ್ಕೆ ಮೊದಲನೆಯದು ಪಾಪ, ರಿಸೀವರಿಗೆ ಅದು ಸಣ್ಣ ಮಾತು. ಎಡಿಸಿಗೆ, ಅಂದರೆ ಸಿಗ್ನಲನ್ನು ಅಳೆದು ಸಂಖ್ಯೆ ಮಾಡುವ ಚಿಪ್ಪಿಗೆ, ಎರಡನೆಯದು ಪಾಪ, ಮೋಟಾರು ಓಡಿಸುವವನಿಗೆ ಅದು ಕಾಣುವುದೂ ಇಲ್ಲ.

ಗಿರಣಿಯ ಲೆಕ್ಕ

ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ವೇಗ ಒಂದೇ. ಕಲ್ಲು ಎಷ್ಟು ಜೋರು ತಿರುಗಬೇಕು ಎನ್ನುವುದು ಪಟ್ಟಾ ಹಾಕಿದ ಗಾಲಿಗಳ ಅಳತೆಯ ಮೇಲೆ. ಇಲ್ಲಿ ಮೋಟಾರೆಂದರೆ ಹರಳು, ಅಂದರೆ ಕ್ವಾರ್ಟ್ಜ್ ಕ್ರಿಸ್ಟಲ್. ಅದು ತನ್ನ 25 ಅಥವಾ 114 ಮೆಗಾಹರ್ಟ್ಸಿನಲ್ಲಿ ಸುಮ್ಮನೆ ಕಂಪಿಸುತ್ತಿರುತ್ತದೆ. ಪಿಎಲ್‌ಎಲ್ ಎಂಬ ಸರ್ಕ್ಯೂಟ್ ಅದನ್ನು ನೂರಾರು ಅಥವಾ ಸಾವಿರಾರು ಮೆಗಾಹರ್ಟ್ಸಿಗೆ ಏರಿಸುತ್ತದೆ, ಡಿವೈಡರ್ ಬೇಕಾದಲ್ಲಿಗೆ ಇಳಿಸುತ್ತದೆ. ಮೈಕ್ರೊಕಂಟ್ರೋಲರಿಗೂ ಚಿಪ್ಪಿಗೂ ಮಾತು ನಡೆಯುವ ಐ2ಸಿ ಎಂಬ ಬಸ್ಸಿನ ಎರಡು ತಂತಿಯ ಮೇಲೆ ನಾವು ಕಳಿಸುವುದು ಗಾಲಿಗಳ ಅಳತೆ ಮಾತ್ರ. "ಕ್ರಿಸ್ಟಲ್ ಪ್ರೋಗ್ರಾಂ ಮಾಡಿದೆ" ಎನ್ನುವುದು ಬಾಯಿಮಾತು. ಹರಳನ್ನು ಯಾರೂ ಮುಟ್ಟಿಲ್ಲ. ಹರಳೇ 30 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 30, ತಪ್ಪಿದ್ದರೆ ಹೊರಬರುವುದೆಲ್ಲ 30 ಪಿಪಿಎಂ ತಪ್ಪಿರುತ್ತದೆ, ನೀವು ಎಷ್ಟು ದಶಮಾಂಶ ಸ್ಥಾನದ ಸಂಖ್ಯೆ ಕಳಿಸಿದರೂ.

ಎಸ್‌ಐ5351: ಅಗ್ಗದ, ಮೂರು ಬಾಯಿಯ ಚಿಪ್

ಹತ್ತರಲ್ಲಿ ಎಂಟು ಜನಕ್ಕೆ ಇದೇ ಸಾಕು. ಮಾಡ್ಯೂಲಿಗೆ ಕೆಲವು ನೂರು ರೂಪಾಯಿ, ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಮರುದಿನ ಬೆಳಿಗ್ಗೆ ಕೈಗೆ ಬರುತ್ತದೆ. ಹತ್ತು ಕಾಲಿನ ಚಿಪ್, ಹೊರಗೆ 25 ಅಥವಾ 27 ಮೆಗಾಹರ್ಟ್ಸಿನ ಹರಳು, ಒಳಗೆ 600ರಿಂದ 900 ಮೆಗಾಹರ್ಟ್ಸಿನವರೆಗೆ ಓಡುವ ಎರಡು ಪಿಎಲ್‌ಎಲ್, ಮೂರು ಔಟ್‌ಪುಟ್. ಕಿಲೋಹರ್ಟ್ಸಿನಿಂದ ಹಿಡಿದು 200 ಮೆಗಾಹರ್ಟ್ಸಿನವರೆಗೆ ಕೊಡುತ್ತದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಮೈಕ್ರೊಬಿಟೆಕ್ಸ್ ರೇಡಿಯೊದಲ್ಲಿ ಬೇಕಾದ ಮೂರು ಆಸಿಲೇಟರುಗಳನ್ನೂ ಇದೊಂದೇ ಚಿಪ್ ಕೊಡುತ್ತದೆ. ಹ್ಯಾಮ್ ಮಂದಿಗೆ ಅದಕ್ಕಿಂತ ದೊಡ್ಡ ಶಿಫಾರಸು ಬೇಡ.

ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಹುಡುಗನಿಗೆ 7.1 ಮೆಗಾಹರ್ಟ್ಸ್ ಬೇಕು. ಡಿವೈಡರ್ 126 ಇಟ್ಟರೆ ಪಿಎಲ್‌ಎಲ್ 894.6ರಲ್ಲಿ ಓಡಬೇಕು, ಅದು 600-900ರ ಬೇಲಿಯೊಳಗೇ ಇದೆ. 894.6ನ್ನು 25ರಿಂದ ಭಾಗಿಸಿದರೆ 35.784. ಅಂದರೆ ಪೂರ್ಣ ಭಾಗ 35, ಉಳಿದದ್ದು ಸಾವಿರದಲ್ಲಿ 784. ಚಿಪ್ ಇದನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ, ಪಿ1, ಪಿ2, ಪಿ3 ಎಂಬ ವೇಷದಲ್ಲಿ ಕೇಳುತ್ತದೆ. 35ನ್ನು 128ರಿಂದ ಗುಣಿಸಿದರೆ 4480. 784ನ್ನು 128ರಿಂದ ಗುಣಿಸಿ 1000ದಿಂದ ಭಾಗಿಸಿದರೆ 100, ಶೇಷ 352. 4480ಕ್ಕೆ 100 ಕೂಡಿಸಿ 512 ಕಳೆದರೆ ಪಿ1 ಸಿಕ್ಕಿತು: 4068. ಪಿ2 ಆ ಶೇಷ 352, ಪಿ3 ಸಾವಿರ. ಮೊದಲ ಪಿಎಲ್‌ಎಲ್ ಆದರೆ 26ರಿಂದ 33ರವರೆಗಿನ ರಿಜಿಸ್ಟರುಗಳಿಗೆ, ಅಂದರೆ ಚಿಪ್ಪಿನೊಳಗಿನ ಸಂಖ್ಯೆಯ ಖಾನೆಗಳಿಗೆ, ಇವನ್ನು ಹಂಚಿ ಬರೆಯಬೇಕು. ಒಮ್ಮೆ ಕೈಯಿಂದ ಮಾಡಿ, ಆಮೇಲೆ ಸಿದ್ಧ ಕೋಡಿನ ಲೈಬ್ರರಿ ಬಳಸಿ. ಕೈಯಿಂದ ಮಾಡದವರು ಲೈಬ್ರರಿ ತಪ್ಪಿದ ದಿನ ಕೈಕಟ್ಟಿ ಕೂರುತ್ತಾರೆ. ಆರ್ಡುಯಿನೋ ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನ ಒಂದು ಜನಪ್ರಿಯ ಲೈಬ್ರರಿ ಫ್ರೀಕ್ವೆನ್ಸಿಯನ್ನು ಹರ್ಟ್ಸಿನ ನೂರನೇ ಭಾಗದಲ್ಲಿ ಕೇಳುತ್ತದೆ. ಎರಡು ಸೊನ್ನೆ ಮರೆತು 7 ಮೆಗಾಹರ್ಟ್ಸಿನ ಬದಲು 70 ಕಿಲೋಹರ್ಟ್ಸ್ ಬಂದಾಗ ಚಿಪ್ಪನ್ನು ಬೈಯುವವರು ಬಹಳ.

126ನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಇವನ ರಿಸೀವರಿಗೆ 90 ಡಿಗ್ರಿ ಅಂತರದ, ಅಂದರೆ ಒಂದಕ್ಕಿಂತ ಒಂದು ಕಾಲು ಸುತ್ತು ಹಿಂದಿರುವ, ಎರಡು ಅಲೆ ಬೇಕು. ಈ ಚಿಪ್ಪಿನಲ್ಲಿ ಫೇಸ್ ತಳ್ಳುವ ರಿಜಿಸ್ಟರಿನ ಒಂದೊಂದು ಹೆಜ್ಜೆಯೂ ಪಿಎಲ್‌ಎಲ್ ಆವರ್ತದ ಕಾಲು ಭಾಗ. ಹಾಗಾಗಿ ಡಿವೈಡರ್ 126 ಇದ್ದರೆ ಫೇಸ್ ರಿಜಿಸ್ಟರಿಗೂ 126 ಬರೆದರಾಯಿತು, ಸರಿಯಾಗಿ 90 ಡಿಗ್ರಿ. ಬರೆದ ಮೇಲೆ ಪಿಎಲ್‌ಎಲ್ ರೀಸೆಟ್ ಮಾಡಲು ಮರೆಯಬಾರದು, ಅದು 177ನೇ ರಿಜಿಸ್ಟರ್. ಆದರೆ ಫೇಸ್ ರಿಜಿಸ್ಟರಿಗೆ ಇರುವುದು 7 ಬಿಟ್ ಮಾತ್ರ, 127ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. 600ನ್ನು 126ರಿಂದ ಭಾಗಿಸಿದರೆ 4.76. ಅದಕ್ಕಿಂತ ಕೆಳಗೆ ಡೇಟಾಶೀಟ್ ಒಪ್ಪುವ ರೀತಿಯಲ್ಲಿ 90 ಡಿಗ್ರಿ ಸಿಗುವುದಿಲ್ಲ. 40 ಮೀಟರಿಗೆ ಸೈ, 80 ಮೀಟರಿಗೆ ಬೇರೆ ದಾರಿ ನೋಡಿ.

ಇದರ ದೋಷಗಳು ಮೂರು. ಅಂಚು ನಡುಗುತ್ತದೆ, ಅದರ ಲೆಕ್ಕ ಕೆಳಗೆ ಬರುತ್ತದೆ. ಔಟ್‌ಪುಟ್‌ಗಳು ಒಂದರೊಳಗೊಂದು ಸ್ವಲ್ಪ ಸೋರುತ್ತವೆ. ಹೊರಬರುವುದು ಚೌಕದಲೆ, ಬೆಸ ಗುಣಕಗಳನ್ನೆಲ್ಲ ಹೊತ್ತು ತರುತ್ತದೆ: 7.1ರ ಮೂರು ಪಟ್ಟು 21.3, ಅದು ನೇರವಾಗಿ 15 ಮೀಟರ್ ಬ್ಯಾಂಡಿನ ಮಧ್ಯಕ್ಕೆ ಬೀಳುತ್ತದೆ. ಲೈಸೆನ್ಸ್ ಇದ್ದು ಟ್ರಾನ್ಸ್‌ಮಿಟ್ ಮಾಡುವವರು ಲೋ-ಪಾಸ್ ಫಿಲ್ಟರ್ ಹಾಕದೆ ಆಂಟೆನಾ ಮುಟ್ಟಬಾರದು. ಲೈಸೆನ್ಸ್ ಇಲ್ಲದವರು ಮುಟ್ಟಲೇಬಾರದು.

ಎಸ್‌ಐ570: ಶುದ್ಧ, ಸಿಟ್ಟಿನ ಸ್ವಭಾವ

ಇದನ್ನು ನಾನು ಪ್ರೀತಿಸುತ್ತೇನೆ. ಹೆಚ್ಚು ಬೈದದ್ದೂ ಇದನ್ನೇ.

5ಕ್ಕೆ 7 ಮಿಲಿಮೀಟರಿನ ಡಬ್ಬಿ, ಹರಳು ಒಳಗೇ ಇದೆ. 10 ಮೆಗಾಹರ್ಟ್ಸಿನಿಂದ 945ರವರೆಗೆ ಎಡೆಬಿಡದೆ, ಆಮೇಲೆ ಎರಡು ತುಂಡಾಗಿ 1417ರವರೆಗೆ. ಆ 1400 ನೋಡಿಯೇ ಹುಡುಗ ಮರುಳಾದದ್ದು. ಆದರೆ ಸಿಮಾಸ್ ಔಟ್‌ಪುಟ್ಟಿನ, ಅಂದರೆ ಒಂದೇ ತಂತಿಯ ಸಾಮಾನ್ಯ ಲಾಜಿಕ್ಕಿನ, ಬಗೆ 160ಕ್ಕೇ ನಿಲ್ಲುತ್ತದೆ. ಅದಕ್ಕೂ ಮೇಲೆ ಬೇಕಾದರೆ ಜೋಡಿ ತಂತಿಯಲ್ಲಿ ವೇಗವಾಗಿ ಓಡುವ ಎಲ್‌ವಿಡಿಎಸ್ ಅಥವಾ ಎಲ್‌ವಿಪೆಕ್ಲ್ ಬಗೆಯನ್ನು ಸರಿಯಾದ ಗ್ರೇಡ್ ನೋಡಿ ಕೊಳ್ಳಬೇಕು. ಪಾರ್ಟ್ ನಂಬರಿನ ಒಂದೊಂದು ಅಕ್ಷರವೂ ಒಂದೊಂದು ಮಾತು ಹೇಳುತ್ತದೆ, ಓದದೆ ದುಡ್ಡು ಕೊಡಬೇಡಿ. ಬೆಲೆ ಸಾವಿರದ ಲೆಕ್ಕದಲ್ಲಿದೆ. ಡೇಟಾಶೀಟ್ ಹುಡುಕುವವರಿಗೊಂದು ಸೂಚನೆ: ಸಿಲಿಕಾನ್ ಲ್ಯಾಬ್ಸ್ ತನ್ನ ಟೈಮಿಂಗ್ ವಿಭಾಗವನ್ನು 2021ರಲ್ಲಿ ಸ್ಕೈವರ್ಕ್ಸಿಗೆ ಮಾರಿತು, ಈ ಎರಡೂ ಚಿಪ್ಪಿನ ಕಾಗದಪತ್ರ ಈಗ ಸ್ಕೈವರ್ಕ್ಸ್ ಹೆಸರಿನಲ್ಲಿ ಸಿಗುತ್ತದೆ.

ಒಳಗಿನ ಹರಳು 114.285 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ. ಅದನ್ನು ನಂಬಬೇಡಿ. ಡಬ್ಬಿಯಿಂದ ಡಬ್ಬಿಗೆ 2000 ಪಿಪಿಎಂವರೆಗೂ ವ್ಯತ್ಯಾಸ ಇರಬಹುದು. ಕಾರ್ಖಾನೆಯವರು ಪ್ರತಿ ಚಿಪ್ಪನ್ನೂ ಅಳೆದು, ಚಾಲೂ ಆದಾಗ ನಿಗದಿತ ಫ್ರೀಕ್ವೆನ್ಸಿಯೇ ಬರುವಂತೆ 38 ಬಿಟ್ಟಿನ ಒಂದು ಗುಣಕವನ್ನು ಒಳಗೆ ಬರೆದಿಟ್ಟಿರುತ್ತಾರೆ. ಆ ಗುಣಕಕ್ಕೆ ಆರ್‌ಫ್ರೀಕ್ ಎಂದು ಹೆಸರು. ನಾವು ಅದನ್ನು ಓದಿ ಹಿಂದಕ್ಕೆ ಲೆಕ್ಕ ಹಾಕಿ ನಮ್ಮ ಹರಳಿನ ನಿಜವಾದ ಫ್ರೀಕ್ವೆನ್ಸಿ ತಿಳಿಯಬೇಕು. ನಿಮ್ಮ ಚಿಪ್ 56.32 ಮೆಗಾಹರ್ಟ್ಸಿನಲ್ಲಿ ಏಳುತ್ತದೆ, ಎರಡು ಡಿವೈಡರುಗಳು 11 ಮತ್ತು 8, ಓದಿದ ಆರ್‌ಫ್ರೀಕ್ 43.37 ಎಂದುಕೊಳ್ಳಿ. 56.32ನ್ನು 88ರಿಂದ ಗುಣಿಸಿದರೆ 4956.16, ಅದನ್ನು 43.37ರಿಂದ ಭಾಗಿಸಿದರೆ 114.2762. ಕಾಗದದ ಸಂಖ್ಯೆಗೂ ಇದಕ್ಕೂ 77 ಪಿಪಿಎಂ ವ್ಯತ್ಯಾಸ. 40 ಮೆಗಾಹರ್ಟ್ಸಿನಲ್ಲಿ ಅದು 3 ಕಿಲೋಹರ್ಟ್ಸ್ ಆಯಿತು, ಎಸ್‌ಎಸ್‌ಬಿ ಎಂಬ ರೀತಿಯಲ್ಲಿ ಹ್ಯಾಮ್ ಮಂದಿ ಆಡುವ ಒಂದು ಇಡೀ ಮಾತುಕತೆ ಆಚೆ ಹೋಗುವಷ್ಟು. ಈ ಲೆಕ್ಕ ಪ್ರತಿ ಚಿಪ್ಪಿಗೂ ಬೇರೆ. ಗೆಳೆಯನ ಕೋಡಿನಲ್ಲಿರುವ ಸಂಖ್ಯೆ ನಿಮ್ಮ ಚಿಪ್ಪಿಗೆ ಆಗದು.

ಇನ್ನೊಂದು ಮೋಸ: 20 ಮತ್ತು 50 ಪಿಪಿಎಂ ಬಗೆಗಳಲ್ಲಿ ಈ ಸಂಖ್ಯೆಗಳು 7ನೇ ರಿಜಿಸ್ಟರಿನಿಂದ ಶುರುವಾಗುತ್ತವೆ, ದುಬಾರಿಯ 7 ಪಿಪಿಎಂ ಬಗೆಯಲ್ಲಿ 13ರಿಂದ.

ಹೊಸ ಫ್ರೀಕ್ವೆನ್ಸಿಗೆ 4850ರಿಂದ 5670 ಮೆಗಾಹರ್ಟ್ಸಿನೊಳಗೆ ಬೀಳುವ ಜೋಡಿ ಡಿವೈಡರ್ ಹುಡುಕಬೇಕು. ಮೊದಲನೆಯದಕ್ಕೆ 4, 5, 6, 7, 9, 11 ಮಾತ್ರ ಆಗುತ್ತವೆ, ಎರಡನೆಯದಕ್ಕೆ 1 ಅಥವಾ 128ರವರೆಗಿನ ಸಮ ಸಂಖ್ಯೆ. 40 ಮೆಗಾಹರ್ಟ್ಸಿಗೆ 9 ಮತ್ತು 14 ಸರಿ ಹೋಗುತ್ತವೆ, ಒಳಗಿನ ಓಟ 5040. ಆಮೇಲೆ ಬರೆಯುವ ಕ್ರಮ: 137ನೇ ರಿಜಿಸ್ಟರಿನಲ್ಲಿ ಆಸಿಲೇಟರನ್ನು ಹೆಪ್ಪುಗಟ್ಟಿಸು, ಆರು ರಿಜಿಸ್ಟರ್ ಬರೆ, ಹೆಪ್ಪು ಬಿಡಿಸು, ಬಿಡಿಸಿದ 10 ಮಿಲಿಸೆಕೆಂಡಿನೊಳಗೆ 135ನೇ ರಿಜಿಸ್ಟರಿನಲ್ಲಿ "ಹೊಸ ಫ್ರೀಕ್ವೆನ್ಸಿ" ಬಿಟ್ ಏರಿಸು.

ಆ 10 ಮಿಲಿಸೆಕೆಂಡಿನಲ್ಲಿ ನಾನು ಎರಡು ವಾರ ಕಳೆದೆ. ಚಿಪ್ ಒಮ್ಮೆ ಮಾತು ಕೇಳುತ್ತಿತ್ತು, ಒಮ್ಮೆ ಇಲ್ಲ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಎರಡನೇ ಚಿಪ್ ತರಿಸಿದೆ. ಕೊನೆಗೆ ನೋಡಿದರೆ, ಹೆಪ್ಪು ಬಿಡಿಸುವ ಸಾಲಿಗೂ ಮುಂದಿನ ಸಾಲಿಗೂ ನಡುವೆ ಎಲ್‌ಸಿಡಿ ಮೇಲೆ ಹೊಸ ಫ್ರೀಕ್ವೆನ್ಸಿ ತೋರಿಸುವ ಸಾಲು ಸೇರಿಸಿದ್ದೆ. ಎಲ್‌ಸಿಡಿಯೂ ಅದೇ ಬಸ್ಸಿನ ಮೇಲಿತ್ತು. ಹಿಂದೆ ಸಣ್ಣ ಹಸಿರು ಬೋರ್ಡ್ ಅಂಟಿಸಿಕೊಂಡು ಬರುವ ಈ ಎಲ್‌ಸಿಡಿಗೆ ಒಂದು ಅಕ್ಷರ ಕಳಿಸಲು ಬಸ್ಸಿನ ಮೇಲೆ ಆರು ಸಲ ಓಡಾಡಬೇಕು, 100 ಕಿಲೋಹರ್ಟ್ಸಿನಲ್ಲಿ ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ಹೆಚ್ಚು. ಹದಿನಾರು ಅಕ್ಷರ ಅಂದರೆ 20. ನಾಲ್ಕೈದು ಅಕ್ಷರ ಬದಲಾದಾಗ ಚಿಪ್ ಕೇಳುತ್ತಿತ್ತು, ಸಾಲು ಪೂರ್ತಿ ಬದಲಾದಾಗ ಮುನಿಸಿಕೊಳ್ಳುತ್ತಿತ್ತು. ತಪ್ಪು ನನ್ನದೇ. ಆ ಸಾಲನ್ನು ಎರಡು ಗೆರೆ ಕೆಳಗೆ ಸರಿಸಿದೆ, ಮುಗಿಯಿತು.

ಸಣ್ಣ ಹೆಜ್ಜೆಗಳಿಗೆ ಈ ಗೋಳಿಲ್ಲ. ಮಧ್ಯದ ಫ್ರೀಕ್ವೆನ್ಸಿಯಿಂದ 3500 ಪಿಪಿಎಂ ಆಚೀಚೆ ಹೆಪ್ಪುಗಟ್ಟಿಸದೆಯೇ ಜಾರಬಹುದು, ಅಲೆ ಮುರಿಯುವುದಿಲ್ಲ. 28.4 ಮೆಗಾಹರ್ಟ್ಸಿನಲ್ಲಿ ಅದು 99 ಕಿಲೋಹರ್ಟ್ಸ್. 10 ಮೆಗಾಹರ್ಟ್ಸಿಗಿಂತ ಕೆಳಗೆ ಈ ಚಿಪ್ ಇಳಿಯುವುದಿಲ್ಲವಾದ್ದರಿಂದ 7.1ಕ್ಕೆ 28.4 ಕೊಟ್ಟು ಎರಡು ಫ್ಲಿಪ್-ಫ್ಲಾಪಿನಲ್ಲಿ ನಾಲ್ಕರಿಂದ ಭಾಗಿಸುವುದು ವಾಡಿಕೆ, 90 ಡಿಗ್ರಿಯೂ ಅಲ್ಲೇ ಸಿಗುತ್ತದೆ. ಅಂದರೆ ಬ್ಯಾಂಡಿನಲ್ಲಿ ಮಧ್ಯದಿಂದ ಎರಡೂ ಕಡೆ ಸುಮಾರು 25 ಕಿಲೋಹರ್ಟ್ಸ್ ಟ್ಯೂನಿಂಗ್ ಗುಬ್ಬಿ ತಿರುಗಿಸಿದರೆ ಹೆಡ್‌ಫೋನಿನಲ್ಲಿ ಒಂದು ಚಟ್ ಎನ್ನುವ ಸದ್ದೂ ಇರದು. ನಮ್ಮ ದೇಶದ 40 ಮೀಟರ್ ಬ್ಯಾಂಡ್ 7.0ರಿಂದ 7.2ರವರೆಗೆ, ಅಷ್ಟಕ್ಕೆ ನಾಲ್ಕು ಸಲ ಮಧ್ಯ ಬದಲಿಸಿದರೆ ಸಾಕು.

ಆರ್ಡುಯಿನೋ ಊನೋ ಇಟ್ಟುಕೊಂಡವರಿಗೆ ಎರಡು ಎಚ್ಚರಿಕೆ. ಮೊದಲನೆಯದು ವೋಲ್ಟೇಜು. ಚಿಪ್ 3.3 ವೋಲ್ಟಿನದು, ಊನೋ 5ರದು, ಅದರ ವೈರ್ ಲೈಬ್ರರಿ ಒಳಗಿನ ಪುಲ್-ಅಪ್‌ಗಳನ್ನು, ಅಂದರೆ ತಂತಿಯನ್ನು ಮೇಲೆ ಹಿಡಿಯುವ ರೆಸಿಸ್ಟರುಗಳನ್ನು, ತಾನೇ 5 ವೋಲ್ಟಿಗೆ ಎಳೆಯುತ್ತದೆ. ಬಿಎಸ್‌ಎಸ್138 ಮಾಸ್ಫೆಟ್ಟಿನ ಲೆವೆಲ್ ಶಿಫ್ಟರ್ ಹಾಕಿ, ಇಲ್ಲವೇ 3.3ರ ಇಎಸ್‌ಪಿ32 ತೆಗೆದುಕೊಳ್ಳಿ. ಎರಡನೆಯದನ್ನು ಯಾರೂ ಹೇಳುವುದಿಲ್ಲ. ಊನೋದಲ್ಲಿ ಡಬಲ್ ಎಂದು ಬರೆದರೂ ಅದು 32 ಬಿಟ್ಟಿನ ಫ್ಲೋಟೇ. 1.67 ಕೋಟಿ ದಾಟಿದ ಪೂರ್ಣಾಂಕಗಳನ್ನು ಅದು ಒಂದೊಂದಾಗಿ ಹಿಡಿಯಲಾರದು. 28.4 ಮೆಗಾಹರ್ಟ್ಸನ್ನು ಹರ್ಟ್ಸಿನಲ್ಲಿ ಬರೆದರೆ ಎರಡೆರಡು ಹರ್ಟ್ಸಿನ ಹೆಜ್ಜೆ, 5000 ಮೆಗಾಹರ್ಟ್ಸಿನ ಸುತ್ತ 512 ಹರ್ಟ್ಸಿನ ಹೆಜ್ಜೆ. ಸಾಮಾನ್ಯ ಮಾತುಕತೆ ಕೇಳಲು ಇದು ಗೊತ್ತೂ ಆಗುವುದಿಲ್ಲ. ಹ್ಯಾಮ್ ಮಂದಿ ತೀರ ದುರ್ಬಲ ಸಿಗ್ನಲಿಗೆ ಬಳಸುವ ಡಬ್ಲ್ಯುಎಸ್‌ಪಿಆರ್ ಸಂಕೇತದ ನಾಲ್ಕು ಸ್ವರಗಳ ನಡುವಿನ ಅಂತರ ಮಾತ್ರ 1.46 ಹರ್ಟ್ಸ್, ಅಲ್ಲಿ ಎಲ್ಲ ಕಲಸಿ ಹೋಗುತ್ತದೆ. 38 ಬಿಟ್ಟಿನ ಚಿಪ್ಪಿಗೆ 24 ಬಿಟ್ಟಿನ ಲೆಕ್ಕ ಕೊಟ್ಟರೆ ದುಡ್ಡು ಕೊಟ್ಟು ಕೊಂಡ ಬಿಟ್‌ಗಳು ಹಾಳು. 64 ಬಿಟ್ಟಿನ ಪೂರ್ಣಾಂಕದಲ್ಲಿ ಲೆಕ್ಕ ಮಾಡಿ.

ಲಿನಕ್ಸ್ ಓಡುವ ಬೋರ್ಡಿದ್ದರೆ ಇಷ್ಟೆಲ್ಲ ಬೇಕಿಲ್ಲ. ಕರ್ನಲ್ಲಿನಲ್ಲೇ ಈ ಎರಡು ಚಿಪ್ಪಿಗೂ ಡ್ರೈವರ್ ಇದೆ. ಬೋರ್ಡಿನ ಮೇಲೆ ಏನೇನಿದೆ ಎಂದು ಕರ್ನಲ್ಲಿಗೆ ಹೇಳುವ ಡಿವೈಸ್ ಟ್ರೀಯಲ್ಲಿ 570ರ ವಿಳಾಸ, ಕಾರ್ಖಾನೆಯ ಫ್ರೀಕ್ವೆನ್ಸಿ, 7 ಅಥವಾ 20 ಅಥವಾ 50 ಪಿಪಿಎಂ ಎಂಬುದನ್ನು ಕೊಟ್ಟರೆ ಹಿಂದಿನ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ನಮ್ಮ ಕಡೆಯ ಕಾಲೇಜುಗಳ ಹುಡುಗರಿಗೆ ಕೆಸಿ705 ಎಂಬ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನೇ ಬರೆದು ಬದಲಿಸಬಹುದಾದ ಚಿಪ್) ಬೋರ್ಡ್ ಸಿಕ್ಕರೆ ಅದರ ಮೇಲೂ ಎಸ್‌ಐ570 ಇದೆ, ಏಳುವಾಗ 156.25 ಮೆಗಾಹರ್ಟ್ಸ್. ಆದರೆ ನೇರವಾಗಿ ಕರೆದರೆ ಓಗೊಡುವುದಿಲ್ಲ. ಮುಂದೆ ಬಸ್ ಮಲ್ಟಿಪ್ಲೆಕ್ಸರ್ ಕೂತಿದೆ, ಮೊದಲು ಅದರ ಬಾಗಿಲು ತೆಗೆಸಬೇಕು.

ಕರೆಂಟು ಹೋಗಿ ಬಂದಾಗ

ಹುಬ್ಬಳ್ಳಿಯಲ್ಲಿ ಕೂತು ಇದನ್ನು ಬರೆಯದಿದ್ದರೆ ಹೇಗೆ? ಈ ಚಿಪ್ಪುಗಳಿಗೆ ನೆನಪಿಲ್ಲ. ಬಸ್ಸಿನಿಂದ ಬರೆದದ್ದೆಲ್ಲ ಕರೆಂಟು ಹೋದೊಡನೆ ಅಳಿಸಿಹೋಗುತ್ತದೆ. ಬಂದ ಮೇಲೆ ಮೈಕ್ರೊಕಂಟ್ರೋಲರ್ ಮತ್ತೆ ಬರೆಯುತ್ತದೆ ನಿಜ, ಆದರೆ ಆ ನಡುವಿನ ಕ್ಷಣದಲ್ಲಿ ಏನಾಗುತ್ತದೆ? 570 ಕಾರ್ಖಾನೆಯ ಫ್ರೀಕ್ವೆನ್ಸಿಯಲ್ಲಿ ಏಳುತ್ತದೆ. ಅಂಗಡಿಯ ಖಾಲಿ 5351 ಸುಮ್ಮನಿರುತ್ತದೆ. ಪ್ರೋಸೆಸರಿಗೇ ಈ ಚಿಪ್ಪಿನ ಗಡಿಯಾರ, ಅಂದರೆ ಅದರ ಕೆಲಸಕ್ಕೆ ತಾಳ ಹಾಕುವ ಅಲೆ, ಕೊಡಬೇಕೆಂದಿದ್ದರೆ ಖಾಲಿ 5351 ಹಾಕಬೇಡಿ. ಗಡಿಯಾರವಿಲ್ಲದೆ ಪ್ರೋಸೆಸರ್ ಏಳದು, ಪ್ರೋಸೆಸರ್ ಏಳದೆ ಗಡಿಯಾರ ಬರದು. ಟ್ರಾನ್ಸ್‌ಮಿಟರಿನಲ್ಲಿ ಇದೇ ಗುಣ ವರವಾಗುತ್ತದೆ: ತಪ್ಪು ಫ್ರೀಕ್ವೆನ್ಸಿಯಲ್ಲಿ ಕೂಗುವುದಕ್ಕಿಂತ ಮೌನ ಒಳ್ಳೆಯದು.

ಡಿಡಿಎಸ್: ಸೈನ್ ಬೇಕೆಂದರೆ

ಎಡಿ9850, ಎಡಿ9851, ಎಡಿ9833 ಬೇರೆ ಕುಲದವು, ಅಲೆಯನ್ನು ಸಂಖ್ಯೆಗಳಿಂದಲೇ ನೇರವಾಗಿ ಕಟ್ಟುವ ಡಿಡಿಎಸ್ ಕುಲ. ಪಟ್ಟಾ-ಗಾಲಿ ಇಲ್ಲ. ಹರಳಿನ ಪ್ರತಿ ಬಡಿತಕ್ಕೂ ಒಂದು ಸಂಖ್ಯೆ ಕೂಡುತ್ತಾ ಹೋಗಿ, ಕೋಷ್ಟಕದಿಂದ ಸೈನ್ ಬೆಲೆ ತೆಗೆದು ಡ್ಯಾಕಿಗೆ, ಅಂದರೆ ಸಂಖ್ಯೆಯನ್ನು ವೋಲ್ಟೇಜು ಮಾಡುವ ಭಾಗಕ್ಕೆ, ಕೊಡುತ್ತವೆ. 9850ರ ಗಡಿಯಾರ 125 ಮೆಗಾಹರ್ಟ್ಸ್, ಸಂಖ್ಯೆ 32 ಬಿಟ್, ಹೆಜ್ಜೆ 0.0291 ಹರ್ಟ್ಸ್. 7.1 ಮೆಗಾಹರ್ಟ್ಸಿಗೆ ಕಳಿಸಬೇಕಾದ ಸಂಖ್ಯೆ 24,39,54,142, ಅಷ್ಟೇ. ಡಿವೈಡರ್ ಹುಡುಕುವ ತಲೆನೋವಿಲ್ಲ. ಬದಲಿಸಿದಾಗ ಅಲೆ ಮುರಿಯುವುದೂ ಇಲ್ಲ, ಇದ್ದ ಫೇಸಿನಿಂದಲೇ ಮುಂದುವರಿಯುತ್ತದೆ. ಫಿಲ್ಟರಿನ ಸ್ವಭಾವ ತಿಳಿಯಲು ಸ್ವೀಪ್ ಮಾಡುವವರಿಗೆ, ಅಂದರೆ ಫ್ರೀಕ್ವೆನ್ಸಿಯನ್ನು ಈ ತುದಿಯಿಂದ ಆ ತುದಿಗೆ ಓಡಿಸುವವರಿಗೆ, ಇದನ್ನು ಮೀರಿಸಿದ್ದಿಲ್ಲ.

ಇವು ಐ2ಸಿ ಮಾತಾಡುವುದಿಲ್ಲ. 9833 ಎಸ್‌ಪಿಐ ಎಂಬ ಬೇರೆ ಬಸ್ಸಿನದು. 9850 ತನ್ನದೇ ಮೂರು ತಂತಿಯಲ್ಲಿ 40 ಬಿಟ್ ಕೇಳುತ್ತದೆ, ಕೊನೆಯ ಬಿಟ್ ಮೊದಲು. ಚಿಪ್ಪಿನಿಂದ ಏನನ್ನೂ ಮರಳಿ ಓದಲಾಗದು, ಬರೆದದ್ದು ತಲುಪಿತೋ ಇಲ್ಲವೋ ಎಂದು ಔಟ್‌ಪುಟ್ ನೋಡಿಯೇ ತಿಳಿಯಬೇಕು. ಬಸ್ಸಿನ ಮೇಲೆ "ಇದ್ದೀಯಾ?" ಎಂದರೆ "ಹೂಂ" ಎನ್ನುವ ಐ2ಸಿಯ ಸುಖ ಇಲ್ಲಿ ಇಲ್ಲ. ತಪ್ಪಿನ ಬಗೆ: ಬೇಡದ ಸ್ವರಗಳು. 125ರಲ್ಲಿ 7.1 ಕಳೆದ 117.9ರಲ್ಲಿ ಒಂದು ಪ್ರತಿಬಿಂಬ ಖಚಿತ, ಅದನ್ನು ಫಿಲ್ಟರ್ ತಡೆಯುತ್ತದೆ. ಹತ್ತಿರದಲ್ಲೇ ಹುಟ್ಟುವ ಚಿಕ್ಕವನ್ನು ತಡೆಯುವುದು ಕಷ್ಟ. 9850 ಬಿಸಿಯೂ ಆಗುತ್ತದೆ, 5 ವೋಲ್ಟಿನಲ್ಲಿ 380 ಮಿಲಿವ್ಯಾಟ್. ಬ್ಯಾಟರಿಯ ಮೇಲೆ ಹೊಲದಲ್ಲಿ ನಡೆಯುವ ಕೆಲಸಕ್ಕೆ 9833 ವಾಸಿ, ಆದರೆ ಅದರ 25 ಮೆಗಾಹರ್ಟ್ಸ್ ಗಡಿಯಾರದಿಂದ ಕೆಲವೇ ಮೆಗಾಹರ್ಟ್ಸಿನವರೆಗೆ ಚಂದದ ಸೈನ್ ಸಿಗುತ್ತದೆ.

ಎಲ್‌ಟಿಸಿ6904ನ್ನು ಇದೇ ಸಾಲಿನಲ್ಲಿ ತೋರಿಸುವ ಅಂಗಡಿಗಳಿವೆ. 1 ಕಿಲೋಹರ್ಟ್ಸಿನಿಂದ 68 ಮೆಗಾಹರ್ಟ್ಸ್, ಐ2ಸಿ, ಎರಡೇ ಬೈಟ್ ಬರೆದರೆ ಮುಗಿಯಿತು, 5 ವೋಲ್ಟೂ ನಡೆಯುತ್ತದೆ. ಹರಳು ಮಾತ್ರ ಇಲ್ಲ. 1 ಮೆಗಾಹರ್ಟ್ಸಿಗೆ ಹತ್ತಿರದ ಸಂಖ್ಯೆ ಬರೆದರೂ ಸೂತ್ರದ ಪ್ರಕಾರವೇ 430 ಹರ್ಟ್ಸ್ ಆಚೆ ನಿಲ್ಲುತ್ತದೆ, ಅದರ ಮೇಲೆ ಚಿಪ್ಪಿನದೇ ನೂರಕ್ಕೆ ಒಂದರ ಹತ್ತಿರದ ತಪ್ಪು. ಸ್ವಿಚಿಂಗ್ ಸಪ್ಲೈಗೆ, ಬಜರಿಗೆ, ಮೋಟಾರಿನ ಪಲ್ಸಿಗೆ ಧಾರಾಳ ಸಾಕು. ರೇಡಿಯೊಗೆ ಬೇಡ.

ನಡುಕದ ಲೆಕ್ಕ

ಎಡಿಸಿಗೆ ಗಡಿಯಾರ ಕೊಡುವವರು ಇದೊಂದನ್ನು ಕಾಗದದ ಮೇಲೆ ಮಾಡಲೇಬೇಕು. 30 ಮೆಗಾಹರ್ಟ್ಸಿನ ಸಿಗ್ನಲನ್ನು ಅಳೆಯುವಾಗ ಗಡಿಯಾರದ ಅಂಚು 10 ಪೀಕೊಸೆಕೆಂಡ್ ನಡುಗಿದರೆ ಸಿಗ್ನಲ್-ನಾಯ್ಸ್ ಅನುಪಾತ 54.5 ಡೆಸಿಬಲ್ ಮೀರದು. 1 ಪೀಕೊಸೆಕೆಂಡ್ ಆದರೆ 74.5. ಎಸ್‌ಐ570ರ ಸುಮಾರು 0.3 ಆದರೆ 85. 12 ಬಿಟ್ ಎಡಿಸಿಯ ಆದರ್ಶ ಮಿತಿಯೇ 74. ಅಂದರೆ 12 ಬಿಟ್ಟಿನ ಎಡಿಸಿ ಕೊಂಡು ಕೆಲವು ಪೀಕೊಸೆಕೆಂಡ್ ನಡುಗುವ 5351ರ ಗಡಿಯಾರ ಕೊಟ್ಟರೆ, ಒಂದೆರಡು ಬಿಟ್‌ಗಳನ್ನು ಕಸಕ್ಕೆ ಹಾಕಿದ ಹಾಗೆ. ಸೌಂಡ್ ಕಾರ್ಡಿಗೆ ಹೋಗುವ 7 ಮೆಗಾಹರ್ಟ್ಸ್ ಮಿಕ್ಸರಿಗೆ ಇದೇ ಚಿಪ್ ಹಾಯಾಗಿ ನಡೆಯುತ್ತದೆ, ಅಲ್ಲಿ ಆಂಟೆನಾದಿಂದ ಬರುವ ಗದ್ದಲವೇ ಇದಕ್ಕಿಂತ ದೊಡ್ಡದು. ಪಕ್ಕದ ಮನೆಯ ಎಲ್‌ಇಡಿ ಬಲ್ಬಿನ ಗದ್ದಲ ಅದಕ್ಕಿಂತ ದೊಡ್ಡದು.

ಸರಿಯಾದ ಹರ್ಟ್ಸ್ ಎಲ್ಲಿಂದ ತರುವುದು?

5351ರ ಮಾಡ್ಯೂಲಿನ ಹರಳು 30 ಪಿಪಿಎಂ ತಪ್ಪಿದ್ದರೆ 7.1 ಮೆಗಾಹರ್ಟ್ಸಿನಲ್ಲಿ 213 ಹರ್ಟ್ಸ್. ತಿದ್ದುವುದಕ್ಕೆ ಅಳತೆಗೋಲು ಬೇಕು. ನಮ್ಮ ಭಾಗದವರಿಗೆ ಮೊದಲು ಹೊಳೆಯುವುದು ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್. ಚಿಪ್ಪಿಗೆ 765 ಬರೆದು, ಗೇಣುದ್ದದ ತಂತಿಯನ್ನು ಹಳೆಯ ಮೀಡಿಯಂ ವೇವ್ ರೇಡಿಯೊದ ಪಕ್ಕದಲ್ಲಿ ಇಟ್ಟರೆ ಎರಡೂ ಸೇರಿ ಸದ್ದು ಏರಿ ಇಳಿಯುತ್ತದೆ. ಏರಿಳಿತ ನಿಧಾನವಾಗುವವರೆಗೆ ಸಂಖ್ಯೆ ತಿದ್ದಬಹುದು. ನಾನೂ ಮಾಡಿದ್ದೇನೆ, ಕಿವಿಗೆ ಹಬ್ಬ. ಆದರೆ ಮೀಡಿಯಂ ವೇವ್ ಕೇಂದ್ರಗಳಿಗೆ ಅಂತರರಾಷ್ಟ್ರೀಯ ನಿಯಮ ಕೊಟ್ಟಿರುವ ಸಡಿಲ 10 ಹರ್ಟ್ಸ್. 765 ಸಾವಿರದಲ್ಲಿ 10 ಅಂದರೆ 13 ಪಿಪಿಎಂ. ನಿಮ್ಮ ಹರಳು 30 ತಪ್ಪಿದ್ದರೆ ಈ ವಿಧಾನ ಉಪಕಾರಿ, 5 ತಪ್ಪಿದ್ದರೆ ಖಾತರಿ ಇಲ್ಲ. 570 ಈ ಆಟಕ್ಕೆ ಬರುವುದೇ ಇಲ್ಲ, ಅಷ್ಟು ಕೆಳಗೆ ಅದು ಇಳಿಯದು.

ಜಿಪಿಎಸ್ ಮಾಡ್ಯೂಲಿನ ಸೆಕೆಂಡಿಗೊಂದು ಪಲ್ಸ್ ಬರುವ ಕಾಲು ಇದ್ದರೆ ಅದನ್ನೇ ಬಳಸಿ. 5351ರಿಂದ 2.5 ಮೆಗಾಹರ್ಟ್ಸ್ ತೆಗೆದು ಊನೋದ ಕೌಂಟರಿಗೆ ಕೊಡಿ, 10 ಮೆಗಾಹರ್ಟ್ಸನ್ನು ಅದು ಎಣಿಸಲಾರದು. ಒಂದು ಸೆಕೆಂಡಿನಲ್ಲಿ ಒಂದು ಎಣಿಕೆ ತಪ್ಪಿದರೆ 0.4 ಪಿಪಿಎಂ, 40 ಸೆಕೆಂಡ್ ಎಣಿಸಿದರೆ 0.01. ಒಂದು ಔಟ್‌ಪುಟ್ಟಿನಲ್ಲಿ ಸಿಕ್ಕ ತಿದ್ದುಪಡಿ ಮೂರಕ್ಕೂ ಅನ್ವಯಿಸುತ್ತದೆ, ಹರಳು ಒಂದೇ ತಾನೆ. ಬೆಳಗಿನ ತಂಪಿನಲ್ಲಿ ಒಮ್ಮೆ, ಏಪ್ರಿಲ್ ಮಧ್ಯಾಹ್ನದಲ್ಲಿ ಒಮ್ಮೆ ಎಣಿಸಿ. ಸಂಖ್ಯೆ ಬೇರೆ ಬರುತ್ತದೆ. ಆಮೇಲೆ ಮುಚ್ಚಳವಿಲ್ಲದೆ ಫ್ಯಾನಿನ ಕೆಳಗೆ ಇಡುವ ಚಟ ತಾನಾಗಿ ಹೋಗುತ್ತದೆ.

ತಂತಿಯ ಬಗ್ಗೆ ಎರಡು ಮಾತು

ಐ2ಸಿಗೆ ಎರಡು ತಂತಿ, ತಂತಿಗೊಂದು 4.7 ಕಿಲೋಓಮಿನ ಪುಲ್-ಅಪ್, ಒಟ್ಟು ಕೆಪ್ಯಾಸಿಟೆನ್ಸ್ 400 ಪೀಕೊಫ್ಯಾರಡ್ ಮೀರಬಾರದು. ಮೇಜಿನ ಮೇಲೆ ಗೇಣುದ್ದ ಸರಿ. ಆ ಕೋಣೆಯಿಂದ ಈ ಕೋಣೆಗೆ ಎಳೆಯಬೇಡಿ. ರಿಸೀವರಿನಲ್ಲಿ ಬಸ್ಸಿನ ಓಡಾಟವೇ ಗದ್ದಲ, ಗುಬ್ಬಿ ತಿರುಗಿದಾಗ ಮಾತ್ರ ಬರೆಯಿರಿ. ಲೂಪಿನೊಳಗೆ ಸುಮ್ಮನೆ ಸೆಕೆಂಡಿಗೆ ಸಾವಿರ ಸಲ ಅದೇ ಸಂಖ್ಯೆ ಬರೆಯುವ ಕೋಡ್ ನೋಡಿ ಎಷ್ಟೋ ಸಲ ತಲೆ ಚಚ್ಚಿಕೊಂಡಿದ್ದೇನೆ. ಎರಡು 5351 ಒಂದೇ ಬಸ್ಸಿನಲ್ಲಿ ಬೇಕೆಂದರೆ ಹತ್ತು ಕಾಲಿನ ಬಗೆಗೆ ವಿಳಾಸ ಒಂದೇ, ಹೆಕ್ಸ್ 60 (ಹತ್ತರ ಬದಲು ಹದಿನಾರರ ಲೆಕ್ಕ). ನಡುವೆ ಮಲ್ಟಿಪ್ಲೆಕ್ಸರ್ ಹಾಕಬೇಕು. ಎಸ್‌ಐ570 ಸಾಮಾನ್ಯವಾಗಿ ಹೆಕ್ಸ್ 55ರಲ್ಲಿ ಬರುತ್ತದೆ. ಕೆಲವು ಕಾಗದಗಳು ಓದು-ಬರೆ ಬಿಟ್ಟನ್ನೂ ಸೇರಿಸಿ 60ನ್ನು ಸಿ0 ಎಂದೂ, 55ನ್ನು ಎಎ ಎಂದೂ ಬರೆಯುತ್ತವೆ. ಅದೇ ಚಿಪ್, ಅದೇ ಮನೆ, ಬಾಗಿಲ ಮೇಲೆ ಬರೆದ ನಂಬರ್ ಬೇರೆ.

ಇಷ್ಟಾದ ಮೇಲೆ ನನ್ನ ತೀರ್ಪು. 200 ಮೆಗಾಹರ್ಟ್ಸಿನೊಳಗೆ, ಎರಡು ಮೂರು ಗಡಿಯಾರ ಬೇಕು, ಕಲಿಯುವ ಕೈ ಎಂದರೆ 5351. ಎಡಿಸಿಗೆ, ವೇಗದ ಎಫ್‌ಪಿಜಿಎ ಲಿಂಕಿಗೆ, ಬಲವಾದ ಸಿಗ್ನಲಿನ ಪಕ್ಕದಲ್ಲಿ ದುರ್ಬಲವಾದದ್ದನ್ನು ಕೇಳಬೇಕಾದ ರಿಸೀವರಿಗೆ 570, ಅದರ ಸಿಟ್ಟು ಸಹಿಸುವ ತಾಳ್ಮೆಯಿದ್ದರೆ. ಸ್ವೀಪಿಗೆ, ಪಾಠದ ಮೇಜಿಗೆ ಡಿಡಿಎಸ್. ಒಂದೇ ಫ್ರೀಕ್ವೆನ್ಸಿ, ಎಂದೂ ಬದಲಾಗದು ಎಂದರೆ ಇದಾವುದೂ ಬೇಡ, ಅಂಗಡಿಗೆ ಹೋಗಿ ನಾಲ್ಕು ಕಾಲಿನ ಕ್ಯಾನ್ ಆಸಿಲೇಟರ್ ಕೊಳ್ಳಿ. ಬರೆಯಬೇಕಾದ ಕೋಡ್ ಸೊನ್ನೆ ಸಾಲು.

ಹುಡುಗ 5351 ತರಿಸಿದ. ಪಾರ್ಸೆಲ್ ಬಂದ ದಿನ ರಾತ್ರಿ ಹತ್ತಕ್ಕೆ ಮತ್ತೆ ಫೋನು.

"ಮಾಮಾ, ಮೋಸ ಆತು. 60 ಅಂದಿದ್ರಿ ನೀವು. ಸ್ಕ್ಯಾನರ್ ಹಚ್ಚಿದ್ರ 96 ಅಂತ ತೋರಸಾಕತ್ತೈತಿ. ಬ್ಯಾರೆ ಚಿಪ್ ಕಳಿಸ್ಯಾರ."

"ಆರ ಹದಿನಾರ್ಲೆ ಎಷ್ಟೋ?"

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ ಅಕ್ಕ ನಗುವುದು ಕೇಳಿಸಿತು.